ಬೆಂಕಿಯ ನಡುವೆ ಹುಟ್ಟಿದ ‘ಮೆಷಿನ್ ಹೆಡ್’

ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದ ‘ಮೆಷಿನ್ ಹೆಡ್’ (1972) ಹಾರ್ಡ್ ರಾಕ್ ಸಂಗೀತದ ಮೇರುಕೃತಿಗಳಲ್ಲೊಂದು. ಸ್ವಿಟ್ಜರ್ಲೆಂಡಿನ ಮಾಂಟ್ರೋ ನಗರದ ಕ್ಯಾಸಿನೋದಲ್ಲಿ ಅದರ ಧ್ವನಿಮುದ್ರಣ ನಡೆಯಬೇಕಿತ್ತು. ಆದರೆ 1971ರ ಡಿಸೆಂಬರ್ 4ರಂದು ಫ್ರಾಂಕ್ ಜಪ್ಪಾ ಅವರ ಕಛೇರಿಯ ನಡುವೆ ಹೊತ್ತಿಕೊಂಡ ಬೆಂಕಿ ಆ ಕಟ್ಟಡವನ್ನೇ ಆಹುತಿ ಪಡೆಯಿತು. ಕಡೆಗೆ ತಂಡಕ್ಕೆ ಆಸರೆಯಾದದ್ದು ಚಳಿಗಾಲಕ್ಕೆ ಮುಚ್ಚಿದ್ದ ಗ್ರ್ಯಾಂಡ್ ಹೋಟೆಲ್. ಧ್ವನಿಮುದ್ರಣದ ಯಂತ್ರಗಳು ಹೊರಗೆ ವಾಹನದಲ್ಲಿದ್ದವು. ಕೋಣೆ, ಬಾಲ್ಕನಿಗಳನ್ನು ಹಾದು ಅಲ್ಲಿಗೆ ಹೋಗಿ ನುಡಿಸಿದ್ದನ್ನು ಕೇಳುವುದು ಪ್ರಯಾಸವೆನಿಸಿ, ಕಲಾವಿದರು ಆ ಗೋಜನ್ನೇ ಬಿಟ್ಟರು. ಈ ಆಲ್ಬಮ್ಮಿನ ಕಸುವಿಗೆ ಆ ಅನನುಕೂಲವೇ ಮುಖ್ಯ ಕಾರಣವೆಂದು ನನ್ನ ಎಣಿಕೆ: ವೇದಿಕೆಯ ಬಿರುಸು ಅದರಲ್ಲಿ ಮಾಸದೆ ಉಳಿದಿದೆ. ಕ್ಯಾಸಿನೋ ಉರಿದಾಗ ಜಿನೀವಾ ಸರೋವರದ ಮೇಲೆ ಕವಿದ ಹೊಗೆಯೇ ‘ಸ್ಮೋಕ್ ಆನ್ ದ ವಾಟರ್’ ಗೀತೆಗೆ ವಸ್ತುವಾಯಿತು. ತಂಡ ಅದರಿಂದ ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಅಮೆರಿಕದಲ್ಲಿ ಅದು ಬಿಡಿ ಮುದ್ರಿಕೆಯಾಗಿ ಹೊರಬಂದದ್ದು 1973ರಲ್ಲಿ.