ನಗು: ಆರೋಗ್ಯಕ್ಕೂ ಬಾಂಧವ್ಯಕ್ಕೂ ಅದರಿಂದಾಗುವ ಪ್ರಯೋಜನಗಳು

(ಹುಣಸೂರು ಉಪವಿಭಾಗದ ಸಾರ್ವಜನಿಕರ ಮಾಹಿತಿಗಾಗಿ)

ಪೀಠಿಕೆ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ ಹಾಗೂ ಹೆಗ್ಗಡದೇವನಕೋಟೆ ಭಾಗದ ಬಹುಪಾಲು ಗ್ರಾಮೀಣ ಕುಟುಂಬಗಳು ಬೇಸಾಯವನ್ನು ಅವಲಂಬಿಸಿವೆ. ತಂಬಾಕು ಬೆಳೆಗಾರರು ಸೊಪ್ಪು ಹದಗೊಳಿಸುವ ದಿನಗಳಲ್ಲಿ ಬ್ಯಾರನ್ ಬಳಿ ಹಗಲಿರುಳು ಬೆಂಕಿ ನೋಡಿಕೊಳ್ಳುತ್ತಾರೆ. ಬಳಿಕ ಹರಾಜು ಮಾರುಕಟ್ಟೆಯ ದರಕ್ಕಾಗಿ ಕಾಯುತ್ತಾರೆ. ಕಾಡಂಚಿನ ಗ್ರಾಮಗಳಲ್ಲಿ ಆನೆಗಳಿಂದ ಬೆಳೆ ಉಳಿಸಿಕೊಳ್ಳಲು ರೈತರು ರಾತ್ರಿ ನಿದ್ದೆಗೆಡುತ್ತಾರೆ. ಸಾಲ ಮತ್ತು ನಿದ್ರಾಹೀನತೆ ದೇಹವನ್ನೂ ಮನೆಯವರ ನಡುವಣ ಮಾತುಕತೆಯನ್ನೂ ಬಾಧಿಸುತ್ತವೆ. ನಗು ಸಾಲವನ್ನು ತೀರಿಸಲಾರದು. ಆದರೆ ಕಷ್ಟವನ್ನು ಒಟ್ಟಾಗಿ ಎದುರಿಸುವ ಬಲವನ್ನು ನೀಡಬಲ್ಲದು.

1. ದೇಹಾರೋಗ್ಯಕ್ಕೆ ಪ್ರಯೋಜನ

ಮನಸಾರೆ ನಕ್ಕಾಗ ವಪೆ ಮತ್ತು ಹೊಟ್ಟೆಯ ಸ್ನಾಯುಗಳು ಚುರುಕಾಗಿ ಕೆಲಸ ಮಾಡುತ್ತವೆ. ನಾಡಿಬಡಿತವು ಸ್ವಲ್ಪ ಹೊತ್ತು ಏರಿ, ಅನಂತರ ಸ್ನಾಯುಗಳು ಸಡಿಲಗೊಳ್ಳುತ್ತವೆ. ಆಕ್ಸ್‌ಫರ್ಡ್ ವಿಶ್ವವಿದ್ಯಾನಿಲಯದ ರಾಬಿನ್ ಡನ್ಬಾರ್ ಮತ್ತು ಸಂಗಡಿಗರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಗುಂಪಿನಲ್ಲಿ ನಕ್ಕವರು ಆ ಬಳಿಕ ಹೆಚ್ಚಿನ ನೋವನ್ನು ತಾಳಿಕೊಂಡಿದ್ದು ಕಂಡುಬಂದಿತು. ಮಿದುಳಿನಲ್ಲಿ ಉತ್ಪತ್ತಿಯಾಗುವ ಎಂಡಾರ್ಫಿನ್ ಇದಕ್ಕೆ ಕಾರಣವೆಂದು ಅವರು ವಿವರಿಸಿದ್ದಾರೆ.

2. ಬಾಂಧವ್ಯಕ್ಕೆ ಪ್ರಯೋಜನ

ಒಂಟಿಯಾಗಿರುವಾಗ ನಗುವುದಕ್ಕಿಂತ ಇತರರ ಜೊತೆಯಲ್ಲಿ ಮನುಷ್ಯನು ಸುಮಾರು 30 ಪಟ್ಟು ಹೆಚ್ಚು ನಗುತ್ತಾನೆಂದು ಅಮೆರಿಕದ ವಿಜ್ಞಾನಿ ರಾಬರ್ಟ್ ಪ್ರೊವೈನ್ ತಿಳಿಸಿದ್ದಾರೆ. ನಮ್ಮ ಹಿರಿಯರು ಇದನ್ನು ಅನುಭವದಿಂದಲೇ ಅರಿತಿದ್ದರು. ಮದುವೆಯಲ್ಲಿ ಬೀಗರನ್ನು ಹಾಸ್ಯ ಮಾಡುವ ಹಾಡುಗಳು, ಭಾವ-ಮೈದುನರ ಸರಸ, ಮೂಡಲಪಾಯ ಯಕ್ಷಗಾನದ ಕೋಡಂಗಿ – ಇವೆಲ್ಲವೂ ಬಿಗುವನ್ನು ಸಡಿಲಿಸಿ, ಹೊಸಬರನ್ನು ಹತ್ತಿರ ತರುವ ಸಂಪ್ರದಾಯಗಳಾಗಿವೆ.

3. ಕನ್ನಡದ ನಿದರ್ಶನ

‘ರಾಶಿ’ ಎಂದೇ ಪ್ರಸಿದ್ಧರಾದ ಡಾ. ಎಂ. ಶಿವರಾಂ ಅವರು ವೃತ್ತಿಯಿಂದ ವೈದ್ಯರು. 1942ರಲ್ಲಿ ಅವರು ‘ಕೊರವಂಜಿ’ ಹಾಸ್ಯ ಮಾಸಪತ್ರಿಕೆಯನ್ನು ಆರಂಭಿಸಿದರು. ಮೈಸೂರಿನಲ್ಲಿ ಜನಿಸಿದ ಆರ್.ಕೆ. ಲಕ್ಷ್ಮಣ್ ಅವರ ಆರಂಭದ ವ್ಯಂಗ್ಯಚಿತ್ರಗಳು ಅದರಲ್ಲಿ ಪ್ರಕಟವಾದವು. ಪತ್ರಿಕೆಯು 1967ರವರೆಗೆ ನಡೆಯಿತು. ಚಿಕಿತ್ಸೆ ನೀಡುವ ವೈದ್ಯರೇ ನಗುವಿಗೂ ಸ್ಥಾನ ಕೊಟ್ಟಿದ್ದು ಗಮನಾರ್ಹ: ಅವರು ಔಷಧಿಯನ್ನು ಬಿಟ್ಟು ನಗುವನ್ನು ಹಿಡಿಯಲಿಲ್ಲ, ಎರಡನ್ನೂ ಜೊತೆಗೆ ನಡೆಸಿದರು.

4. ರೂಢಿಸಿಕೊಳ್ಳುವ ವಿಧಾನ

ಅ) ದಿನಕ್ಕೆ ಒಂದು ಹೊತ್ತಾದರೂ ಮನೆಯವರೆಲ್ಲರೂ ಒಟ್ಟಿಗೆ ಕುಳಿತು ಊಟ ಮಾಡುವುದು, ಆ ವೇಳೆ ಸಾಲ ಮತ್ತು ದರದ ಮಾತನ್ನು ಬದಿಗಿಡುವುದು.
ಆ) ಅಜ್ಜ-ಅಜ್ಜಿಯರಿಂದ ಮಕ್ಕಳಿಗೆ ಹಾಸ್ಯದ ಕಥೆ, ಒಗಟುಗಳನ್ನು ಹೇಳಿಸುವುದು.
ಇ) ನೆರೆಹೊರೆಯವರು ಸೇರಿ ನಗೆಕೂಟ ನಡೆಸುವುದು. 1995ರಲ್ಲಿ ಮುಂಬಯಿಯ ಉದ್ಯಾನವೊಂದರಲ್ಲಿ ಡಾ. ಮದನ್ ಕಟಾರಿಯಾ ಅವರು ಐವರೊಂದಿಗೆ ಪ್ರಾರಂಭಿಸಿದ ನಗೆಕೂಟವು ಇಂದು ಅನೇಕ ದೇಶಗಳಿಗೆ ಹಬ್ಬಿದೆ.

5. ಎಚ್ಚರಿಕೆ

ಬಣ್ಣ, ಜಾತಿ, ಅಂಗವೈಕಲ್ಯ, ಬಡತನ ಅಥವಾ ಮಕ್ಕಳಿಲ್ಲದಿರುವುದನ್ನು ಹಂಗಿಸಿ ನಗುವುದು ಹಾಸ್ಯವಲ್ಲ, ಅವಮಾನ. ಹರ್ನಿಯಾ, ತೀವ್ರ ಹೃದ್ರೋಗ ಇರುವವರು ಹಾಗೂ ಇತ್ತೀಚೆಗೆ ಶಸ್ತ್ರಚಿಕಿತ್ಸೆಗೆ ಒಳಗಾದವರು ವೈದ್ಯರ ಸಲಹೆ ಪಡೆದ ನಂತರವೇ ನಗೆ ವ್ಯಾಯಾಮ ಮಾಡತಕ್ಕದ್ದು. ರಕ್ತದೊತ್ತಡ, ಮಧುಮೇಹದ ಔಷಧಿಗಳನ್ನು ನಿಲ್ಲಿಸಬಾರದು.

6. ನಗು ಮರೆಯಾದಾಗ

ಒಟ್ಟಿಗೆ ನಗುವ ಮನೆಯಲ್ಲಿ ಒಬ್ಬರು ನಗುವುದನ್ನು ನಿಲ್ಲಿಸಿದರೆ ಉಳಿದವರಿಗೆ ಬೇಗನೆ ತಿಳಿಯುತ್ತದೆ. ನಗುವಿನ ಬಹು ದೊಡ್ಡ ಪ್ರಯೋಜನವಿದು. ಎರಡು ವಾರಗಳಿಗೂ ಹೆಚ್ಚು ಕಾಲ ಮೌನ, ನಿದ್ದೆ ಬಾರದಿರುವುದು, ಊಟ ಸೇರದಿರುವುದು ಕಂಡುಬಂದಲ್ಲಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರ ಅಥವಾ ತಾಲ್ಲೂಕು ಆಸ್ಪತ್ರೆಯನ್ನು ಸಂಪರ್ಕಿಸುವುದು. ಬದುಕು ಬೇಡವೆಂಬ ಮಾತು ಬಂದಲ್ಲಿ ಅವರನ್ನು ಒಂಟಿಯಾಗಿ ಬಿಡದೆ, ಕ್ರಿಮಿನಾಶಕವನ್ನು ಕೈಗೆ ಸಿಗದಂತೆ ಇರಿಸಿ, ತಕ್ಷಣವೇ ನೆರವು ಪಡೆಯುವುದು.

ಟೆಲಿ ಮಾನಸ್ ಸಹಾಯವಾಣಿ: 14416 (ಉಚಿತ, ದಿನದ 24 ಗಂಟೆಯೂ ಲಭ್ಯ, ಕನ್ನಡದಲ್ಲಿ ಮಾತನಾಡಬಹುದು). ಈ ಸೇವೆಗೆ ಅರ್ಜಿ ಸಲ್ಲಿಸಬೇಕಾಗಿಲ್ಲ. ಮಾನಸಿಕ ಆರೋಗ್ಯ ಆರೈಕೆ ಅಧಿನಿಯಮ, 2017ರ ಪ್ರಕಾರ ಚಿಕಿತ್ಸೆಯ ವಿವರಗಳನ್ನು ಗೋಪ್ಯವಾಗಿಡಿಸಿಕೊಳ್ಳುವುದು ಪ್ರತಿಯೊಬ್ಬರ ಹಕ್ಕಾಗಿರುತ್ತದೆ. ಸಾರ್ವಜನಿಕರು ಇದರ ಸದುಪಯೋಗ ಪಡೆದುಕೊಳ್ಳಲು ಕೋರಲಾಗಿದೆ.