ಧ್ವಜಸ್ತಂಭದ ಎತ್ತರ
ಅಟ್ಟಾರಿ-ವಾಘಾ ಗಡಿಯ ವಿಡಿಯೋ ನೋಡಿರ್ತೀರಿ. 1959ರಿಂದ ನಡ್ಕೊಂಡು ಬಂದಿರೋ ಸಂಜೆ ಕವಾಯತು, ಎರಡೂ ಕಡೆ ಬೂಟು ಕುಟ್ಟೋದು. 2017ರ ಮಾರ್ಚ್‌ನಲ್ಲಿ ನಮ್ಮೋರು 360 ಅಡಿ ಧ್ವಜಸ್ತಂಭ ನಿಲ್ಸಿದ್ರು. ಆಗಸ್ಟ್‌ನಲ್ಲಿ ಅವರದು 400. 2023ರಲ್ಲಿ ಮತ್ತೆ ನಮ್ಮದು 418. ಇರ್ಲಿ ಬಿಡಿ.

ನನ್ನ ತಲೇಲಿ ಓಡೋದು 1947. ಲಕ್ಷಾಂತರ ಜನ ಗಡಿ ದಾಟ್ತಿದ್ದಾಗ ಪಾಕಿಸ್ತಾನ ದಲಿತರನ್ನ ತಡೆದು ನಿಲ್ಲಿಸ್ತು. ಕಕ್ಕಸು ಬಳಿಯೋರು, ಬೀದಿ ಗುಡಿಸೋರು 'ಅಗತ್ಯ ಸೇವೆ'ಯಂತೆ! ಡಿಸೆಂಬರ್‌ನಲ್ಲಿ ಬಾಬಾಸಾಹೇಬರು ನೆಹರೂಗೆ ಪತ್ರ ಬರೆದು, ಇವರನ್ನ ಕರೆಸಿಕೊಳ್ಳಿ ಅಂದ್ರು. ಹೇಗೋ ದಾಟಿ ಬಂದೋರಿಗೆ ಈ ಕಡೆಯ ನಿರಾಶ್ರಿತರ ಶಿಬಿರಗಳಲ್ಲಿ ತಾರತಮ್ಯ ಆಗ್ತಿದೆ ಅನ್ನೋ ದೂರೂ ಅದೇ ಪತ್ರದಲ್ಲಿತ್ತು.

ಆಗ ದಿಲ್ಲಿಯ ಕಾನೂನು ಮಂತ್ರಿ ಬಾಬಾಸಾಹೇಬರು. ಕರಾಚಿಯ ಕಾನೂನು ಮಂತ್ರಿ ಜೋಗೇಂದ್ರನಾಥ ಮಂಡಲ್, ಅವರೂ ನಮ್ಮವರೇ. ಮಂಡಲ್ 1950ರಲ್ಲಿ ರಾಜೀನಾಮೆ ಕೊಟ್ಟು ಕಲ್ಕತ್ತೆಗೆ ಬಂದ್ರು. ಬಾಬಾಸಾಹೇಬರು 1951ರಲ್ಲಿ ಕೊಟ್ರು.