ಜಾಗ, ಸೈಟು, ಕುಮ್ಕಿ

ನಮ್ಮ ಗುತ್ತಿಗಾರಿನಲ್ಲಿ 'ಜಾಗ ಮಾರ್ಲಿಕ್ಕುಂಟು' ಅಂದ್ರೆ ಮನೆ, ಅಡಿಕೆ ತೋಟ, ಕೆರೆ, ಗುಡ್ಡ ಎಲ್ಲ ಸೇರಿತು. ಬೆಂಗಳೂರಿನವರ ತಲೆಗೆ ಬರೋದು ಥರ್ಟಿ-ಫಾರ್ಟಿ ಸೈಟು. ಅವರು ಗುಂಟೆ ಕೇಳ್ತಾರೆ, ನಮ್ಮವರು ಸೆಂಟ್ಸ್ ಹೇಳ್ತಾರೆ. ಎಕರೆಗೆ 40 ಗುಂಟೆ, ಇಲ್ಲವೇ 100 ಸೆಂಟ್ಸ್. ದಕ್ಷಿಣ ಕನ್ನಡ 1956ರವರೆಗೆ ಮದ್ರಾಸಿಗೆ ಸೇರಿತ್ತು, ಆ ಲೆಕ್ಕ ಇಲ್ಲೇ ಉಳಿಯಿತು. ರಬ್ಬರ್ ಹಾಕಲು ಕೇರಳದಿಂದ ಬಂದವರಿಗೆ ಈ ಗೊಂದಲವಿಲ್ಲ, ಅಲ್ಲಿಯೂ ಸೆಂಟ್ಸೇ.

ಅಳತೆಗಾದ್ರೆ ಮೊಬೈಲಿನ ಕ್ಯಾಲ್ಕುಲೇಟರ್ ಸಾಕು. ಕುಮ್ಕಿಗೆ ಸಾಲದು. ವರ್ಗ ಜಮೀನಿಗೆ ತಾಗಿಕೊಂಡು 100 ಗಜದೊಳಗಿರುವ ಸರ್ಕಾರಿ ಜಾಗದಲ್ಲಿ ಸೊಪ್ಪು, ಸೌದೆ ತರುವ, ದನ ಮೇಯಿಸುವ ಸವಲತ್ತು ಅದು, ಒಡೆತನ ಅಲ್ಲ. 'ವರ್ಗ ಎರಡೆಕರೆ, ಕುಮ್ಕಿ ಮೂರುಂಟು' ಅಂತ ನಮ್ಮ ಹಿರಿಯರು ಹೇಳಿದ್ರೆ ಅದರಲ್ಲಿ ಸುಳ್ಳಿಲ್ಲ. ಕೇಳಿದವರು ಐದೆಕರೆ ಅಂತ ಕೂಡಿಸಿ ಸಾಲಕ್ಕೆ ಬ್ಯಾಂಕಿಗೆ ಹೋದರೆ ಆರ್‌ಟಿಸಿಯಲ್ಲಿ ಎರಡೇ! ಆಮೇಲೆ ಮೋಸ, ವಕೀಲರು, ಮುಂಗಡ ವಾಪಸ್ ಕೊಡಿ ಅನ್ನುವ ಜಗಳ.

ಜಮೀನಿನ ಲೆಕ್ಕ ಒಬ್ಬೊಬ್ಬರದ್ದು ಒಂದೊಂದಾದರೆ ಏನಾಗುತ್ತದೆಂದು ಸುಳ್ಯ ಹಿಂದೆಯೇ ಕಂಡಿದೆ. 1834ರಲ್ಲಿ ಕಂಪನಿ ಕೊಡಗನ್ನು ವಶಪಡಿಸಿಕೊಂಡ ಮೇಲೆ ಅಮರ ಸುಳ್ಯ ಸೀಮೆ ಕೆನರಾಕ್ಕೆ ಸೇರಿತು. ಬೆಳೆಯ ರೂಪದಲ್ಲಿ ಕಂದಾಯ ಕೊಟ್ಟು ಅಭ್ಯಾಸವಾದ ರೈತರ ಹತ್ತಿರ ನಗದು ಕೇಳಿದರು. 1837ರಲ್ಲಿ ದಂಡು ಮಂಗಳೂರಿನವರೆಗೆ ಹೋಯಿತು. ಬೇರೆ ಕಾರಣಗಳೂ ಇದ್ದವು ಅನ್ನಿ.

ನಮ್ಮ ಕಡೆ ಮನೆ-ತೋಟ ನೋಡಲು ಬರುವವರು 'ವರ್ಗ ಎಷ್ಟು?' ಅಂತ ನೇರ ಕೇಳಿ, ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ. ಆದ್ರೆ ಬೆಲ್ಲ, ನೀರು ಕೊಡ್ತಾರಲ್ಲ, ಅದು ಮುಗಿದ ಮೇಲೆ ಕೇಳಿ.